ಎಷ್ಟಾಳು ನೀರು?

ಮಂಡ್ಯ ಜಿಲ್ಲೆಯಲ್ಲಿ ಶಾಲೆಗೆ ಹೋಗುವ ಹುಡುಗನನ್ನು ಕೇಳಿದರೂ 124.80 ಎಂಬ ಸಂಖ್ಯೆ ಏನೆಂದು ಹೇಳಿಬಿಡುತ್ತಾನೆ. ಅದು ಕೃಷ್ಣರಾಜಸಾಗರದ ಗರಿಷ್ಠ ನೀರಿನ ಮಟ್ಟ, ಅಡಿಗಳಲ್ಲಿ. ಮುಂಗಾರು ಶುರುವಾಯಿತೆಂದರೆ ಟೀ ಅಂಗಡಿಯ ಬೆಂಚಿನ ಮೇಲೆ ಪತ್ರಿಕೆ ಬಿಚ್ಚಿದವರು ಮೊದಲು ಹುಡುಕುವುದು ಇವತ್ತು ಕಟ್ಟೆಗೆ ನೀರು ಎಷ್ಟು ಬಂತು ಎಂಬುದನ್ನು. ಅಡಿಯ ನೂರನೇ ಒಂದು ಪಾಲಿನವರೆಗೂ ಲೆಕ್ಕವಿಡುವ ಇದೇ ಜಿಲ್ಲೆಯಲ್ಲಿ ಊರ ಹಿಂದಿನ ಕೆರೆ ಎಷ್ಟು ಆಳ ಎಂದು ಕೇಳಿ ನೋಡಬೇಕು. 'ಏರಿ ತಾವ ಎರಡಾಳು ನೀರೈತೆ, ಆ ಕಡೀಕೆ ಒಂದಾಳು' ಎನ್ನುತ್ತಾರೆ. ಆಳು ಎಂದರೆ ನಿಂತ ಮನುಷ್ಯ. ಯಾವ ಮನುಷ್ಯ, ಅವನೆಷ್ಟು ಎತ್ತರ ಎಂದು ಯಾರೂ ಕೇಳುವುದಿಲ್ಲ.

ಈ ಆಳಿನ ಲೆಕ್ಕದ ಎದುರಿಗೆ ಈಗ ಅಂಗೈಯಗಲದ ಪರದೆಯ ಒಂದು ಯಂತ್ರ ಬಂದು ಕೂತಿದೆ. ಹೆಸರು ಫಿಶ್ ಫೈಂಡರ್. ಮೀನುಪತ್ತೆ ಯಂತ್ರ ಎನ್ನಬಹುದು. ಕಡಲಿಗೆ ಹೋಗುವ ಮಲ್ಪೆ, ಮಂಗಳೂರಿನ ದೋಣಿಗಳಿಗೆ ಇದು ಹಳೆಯ ಸಂಗತಿ. ಒಳನಾಡಿನ ಕೆರೆ, ಹೊಳೆಗಳಿಗೆ ಹೊಸದು. ಕೆರೆಯ ಮೀನಿನ ಗುತ್ತಿಗೆ ಹಿಡಿದ ಮನೆಯ ಹುಡುಗ ಕಾಲೇಜಿನ ಬಿಡುವಿನಲ್ಲಿ ಫೋನಿನಲ್ಲಿ ಇದನ್ನು ಕಂಡು ಮನೆಯಲ್ಲಿ ಮಾತೆತ್ತಿದನೆನ್ನಿ. ಅಪ್ಪನ ಬಾಯಿಂದ ಬರುವ ಮೊದಲ ಮಾತನ್ನು ಊಹಿಸುವುದು ಕಷ್ಟವಲ್ಲ: 'ಬಲೆ ಬುಟ್ರೆ ಗೊತ್ತಾಗಕಿಲ್ವೇನ್ಲಾ? ಅದುಕ್ಯಾಕ್ಲಾ ಕಾಸು?'

ಪ್ರಶ್ನೆ ನ್ಯಾಯವಾದದ್ದೇ. ಮಂಡ್ಯ, ಮದ್ದೂರು, ಮಳವಳ್ಳಿಯ ನೀರುಗಳನ್ನು ಒಂದು ಸುತ್ತು ನೋಡಿ ಬಂದರೆ ಉತ್ತರವೂ ಸಿಗುತ್ತದೆ. ಅಪ್ಪ ಮಗ ಇಬ್ಬರೂ ಎಣಿಸಿದ ಉತ್ತರ ಮಾತ್ರ ಅದಲ್ಲ.

ಕಟ್ಟೆಯ ಕೆಳಗೊಂದು ಊರು

ಸುತ್ತು ಕನ್ನಂಬಾಡಿ ಕಟ್ಟೆಯಿಂದಲೇ ಆರಂಭವಾಗಬೇಕು. 124.80 ಅಡಿ ಎಂದರೆ ಸುಮಾರು 38 ಮೀಟರು. ಜಿಲ್ಲೆಯ ಅತಿ ದೊಡ್ಡ ಜಲಾಶಯದ ಲೆಕ್ಕವೇ ಇಷ್ಟು. ಅಂಗಡಿಯಲ್ಲಿರುವ ಯಂತ್ರದ ಡಬ್ಬಿಯ ಮೇಲಾದರೋ ನೂರಾರು ಅಡಿ, ಕೆಲವದರ ಮೇಲೆ ಸಾವಿರಕ್ಕೂ ಮೀರಿದ ಅಡಿ ಆಳ ನೋಡಬಲ್ಲದೆಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆ ಸಂಖ್ಯೆಗೆಂದು ಹೆಚ್ಚು ಹಣ ತೆರುವುದು ಮಂಡ್ಯದವರ ಪಾಲಿಗೆ ಶುದ್ಧ ದಂಡ. ಅಣೆಕಟ್ಟೆಯ ಹತ್ತಿರ ದೋಣಿ ಬಿಡುವಂತೆಯೇ ಇಲ್ಲ. ಮೀನುಗಾರರು ಹರಿಗೋಲು ಇಳಿಸುವುದು ಹಿನ್ನೀರಿನಲ್ಲಿ. ಅಲ್ಲಿ ನೀರು ಹರಡಿದಷ್ಟು ಇಳಿದಿಲ್ಲ.

ಹಿನ್ನೀರಿನಲ್ಲಿ ಬಲೆ ಬಿಡುವವನ ಚಿಂತೆ ಮೀನಿನದಲ್ಲ, ತಳದ್ದು. ನೀರಿನಡಿಯಲ್ಲಿ ಬಂಡೆಯುಂಟು, ಮರದ ಬೊಡ್ಡೆಯುಂಟು, ಹಳೆಯ ಹೊಲದ ಬದುಗಳುಂಟು. ಕಟ್ಟೆ ಕಟ್ಟಿದಾಗ ಹಳೆಯ ಕನ್ನಂಬಾಡಿ ಊರೇ ಮುಳುಗಿತು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯ ಬರಗಾಲದ ವರ್ಷಗಳಲ್ಲಿ ಮೇಲೆ ಕಾಣಿಸಿಕೊಳ್ಳುತ್ತಿತ್ತು. ಕೊನೆಗೆ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ದೇವರು ಮೇಲೆ ಬಂದರೂ ಬಂಡೆ, ಬೊಡ್ಡೆಗಳು ಕೆಳಗೇ ಉಳಿದಿವೆ. ಸಾವಿರಾರು ರೂಪಾಯಿ ಬಲೆಯನ್ನು ಹರಿದು ಹಾಕಲು ಒಂದು ಬೊಡ್ಡೆ ಸಾಕು.

ಇಂಥ ತಳವನ್ನು ಯಂತ್ರ ಹೇಗೆ ನೋಡುತ್ತದೆ? ನೋಡುವುದಿಲ್ಲ, ಕೇಳಿಸಿಕೊಳ್ಳುತ್ತದೆ. ಬೆಟ್ಟದ ಮುಂದೆ ನಿಂತು ಕೂಗಿದರೆ ಮಾರ್ದನಿ ಬರುವುದಷ್ಟೆ? ಅದೇ ವಿದ್ಯೆ. ನೀರಿಗಿಳಿಬಿಟ್ಟ ಟ್ರಾನ್ಸ್‌ಡ್ಯೂಸರ್ ಎಂಬ ಮುಷ್ಟಿಗಾತ್ರದ ಗಟ್ಟಿಯಿಂದ ಒಂದು ಸದ್ದು ಕೆಳಗೆ ಹೋಗುತ್ತದೆ, ತಳಕ್ಕೆ ಬಡಿದು ಮೇಲೆ ಬರುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಓಡುವ ಶಬ್ದ ನೀರಿನಲ್ಲಿ 1500 ಮೀಟರಿನ ಆಸುಪಾಸು ಓಡುತ್ತದೆ. ಮೂರು ಮೀಟರು ಆಳದ ಕೆರೆಯಲ್ಲಿ ಹೋಗಿಬರುವ ದಾರಿ ಆರು ಮೀಟರು. ಹಿಡಿಯುವ ಕಾಲ ಸೆಕೆಂಡಿನ 250ನೇ ಒಂದು ಭಾಗ. ಹತ್ತನೇ ತರಗತಿಯ ವಿದ್ಯಾರ್ಥಿ ಪೆನ್ಸಿಲಿನಲ್ಲೇ ಮಾಡಬಹುದಾದ ಲೆಕ್ಕ. ಈ ಸದ್ದು ಮನುಷ್ಯನ ಕಿವಿಗೆ ಬೀಳದು. ನಮ್ಮ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಜ್‌ವರೆಗೆ. ಇದು 50, 83 ಇಲ್ಲವೆ 200 ಕಿಲೋಹರ್ಟ್ಜ್.

ಮೀನು ಕಾಣುವುದು ಇನ್ನೊಂದು ಸ್ವಾರಸ್ಯ. ಅಡುಗೆಮನೆಯಲ್ಲಿ ಗೆಂಡೆ ಮೀನು ಸಿಗಿಯುವಾಗ ಹೊಟ್ಟೆಯೊಳಗೆ ಬಿಳಿ ಬಲೂನಿನಂಥ ಚೀಲ ಕಾಣುತ್ತದಲ್ಲ, ಮಕ್ಕಳು ಪಟ್ಟೆಂದು ಒಡೆಯಲು ಕಾಯುವಂಥದು, ಅದರಲ್ಲಿರುವುದು ಗಾಳಿ. ನೀರಿನಲ್ಲಿ ಹೋಗುವ ಸದ್ದು ಮಾಂಸವನ್ನು ಬಹುಪಾಲು ಹಾದುಹೋಗುತ್ತದೆ. ಗಾಳಿಗೆ ಬಡಿದಾಗ ಜೋರಾಗಿ ಹಿಂತಿರುಗುತ್ತದೆ. ಪರದೆಯ ಮೇಲೆ ಮೂಡುವ ಮೀನು ಹೆಚ್ಚಾಗಿ ಆ ಗಾಳಿಚೀಲದ ಮಾರ್ದನಿಯೇ.

ಈ ವಿದ್ಯೆಯ ಹುಟ್ಟಿನಲ್ಲಿ ಯುದ್ಧವೂ ಇದೆ, ಬೆಸ್ತನೂ ಇದ್ದಾನೆ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಪಾಲ್ ಲಾಂಜವೆನ್ ಜಲಾಂತರ್ಗಾಮಿಗಳನ್ನು ಪತ್ತೆಮಾಡಲು ಕ್ವಾರ್ಟ್ಸ್ ಹರಳನ್ನು ನಡುಗಿಸಿ ನೀರಿನಲ್ಲಿ ಸದ್ದು ಹರಿಸಿದ. ಎರಡನೆಯ ಯುದ್ಧ ಮುಗಿದ ಮೇಲೆ ಜಪಾನಿನ ನಾಗಸಾಕಿ ಪ್ರಾಂತದಲ್ಲಿ ದೋಣಿಗಳ ವಿದ್ಯುತ್ ಕೆಲಸ ಮಾಡುತ್ತಿದ್ದ ಫುರುನೊ ಸಹೋದರರು ಅದನ್ನು ಮೀನಿನ ಕಡೆಗೆ ತಿರುಗಿಸಿದರು. ನೀರಿನಲ್ಲಿ ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲಿ ಮೀನಿನ ಹಿಂಡಿರುತ್ತದೆ ಎಂದು ಅನುಭವಸ್ಥ ಮೀನುಗಾರನೊಬ್ಬ ಹೇಳಿದ ಮಾತೇ ಅವರಿಗೆ ದಾರಿ ತೋರಿದ್ದು. 1948ರಲ್ಲಿ ಅವರ ಯಂತ್ರ ಬಳಕೆಗೆ ಬಂತು. ಏರಿಯ ಮೇಲೆ ಕೂತು ಗುಳ್ಳೆ ನೋಡಿ 'ಅಲ್ ಬೀಸ್ಲಾ' ಎನ್ನುವ ಮದ್ದೂರಿನ ಅಜ್ಜನೂ ಅದೇ ಶಾಸ್ತ್ರದವನು.

ಕೊಕ್ಕರೆಯ ಲೆಕ್ಕ

ಮಂಡ್ಯದಿಂದ ಮದ್ದೂರಿಗೆ ಸುಮಾರು 20 ಕಿಲೋಮೀಟರು. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬೆಂಗಳೂರು-ಮೈಸೂರಿನ ಕಾರುಗಳು ಊರನ್ನು ಮುಟ್ಟದೆ ಹೋಗಿಬಿಡುತ್ತವೆ. ರೈಲಿನಲ್ಲಿ ಬಂದವರಿಗೆ ಮದ್ದೂರು ವಡೆ ಕಿಟಕಿಗೇ ಬರುತ್ತಿತ್ತು. ಊರಿನ ಪಕ್ಕದಲ್ಲಿ ಶಿಂಷಾ ಹೊಳೆ, ತಾಲ್ಲೂಕಿನ ತುಂಬ ಕೆರೆಗಳು. ವಿಶ್ವೇಶ್ವರಯ್ಯ ನಾಲೆಯ ನೀರು ಬಿದ್ದಾಗ ಅವು ಮೈದುಂಬುತ್ತವೆ. ಬೇಸಿಗೆಯಲ್ಲಿ ಕೆಲವು ಆಟದ ಬಯಲಾಗುವುದೂ ಉಂಟು.

ಶಿಂಷಾ ದಡದ ಕೊಕ್ಕರೆ ಬೆಳ್ಳೂರು ಇದೇ ತಾಲ್ಲೂಕಿನದು. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಊರೊಳಗಿನ ಹುಣಸೆ, ಆಲದ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಸಂಸಾರ ಹೂಡುತ್ತವೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂದು ನಂಬಿದ ಜನ ಮರದಡಿಯ ಹಿಕ್ಕೆಯನ್ನು ಗೊಬ್ಬರವಾಗಿ ಗದ್ದೆಗೆ ಹಾಕುತ್ತಾರೆ. ಈ ಹಕ್ಕಿಗಳು ಮೇವಿಗೆ ಹೋಗುವುದು ಸುತ್ತಲ ಕೆರೆಗಳಿಗೆ. ಫಿಶ್ ಫೈಂಡರ್ ಕೊಳ್ಳಬೇಕೆಂದಿರುವವರು ಒಂದು ಬೆಳಿಗ್ಗೆ ಕೆರೆಯ ಏರಿಯ ಮೇಲೆ ಕೂತು ಇವನ್ನು ನೋಡುವುದು ಒಳ್ಳೆಯದು. ಬಣ್ಣದ ಕೊಕ್ಕರೆ ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತದೆ. ಅರ್ಧ ತೆರೆದ ಕೊಕ್ಕನ್ನು ನೀರಿನೊಳಗಿಟ್ಟು ಆ ಕಡೆ ಈ ಕಡೆ ಬೀಸುತ್ತ, ಮೀನು ತಾಗಿದೊಡನೆ ಕಚ್ಚಿ ಹಿಡಿಯುತ್ತದೆ. ಅದಕ್ಕೆ ಕಣ್ಣೂ ಬೇಡ, ತಿಳಿನೀರೂ ಬೇಡ. ಹೆಜ್ಜಾರ್ಲೆ ಈಜುವ ಹಕ್ಕಿ. ಕಾಲು ನಿಲುಕದ ನೀರಿನ ಮೇಲೆ ತೇಲುತ್ತ ಕೊಕ್ಕಿನ ಚೀಲದಿಂದ ಮೊಗೆಯುತ್ತದೆ. ಹಾಗಾಗಿ ಕೊಕ್ಕರೆ ನಡೆಯುವ ಗಡಿ ಎಲ್ಲಿ ಮುಗಿದು ಹೆಜ್ಜಾರ್ಲೆ ತೇಲುವ ಗಡಿ ಎಲ್ಲಿ ಶುರುವಾಗುತ್ತದೆ ಎಂದು ಗುರುತು ಮಾಡಿಕೊಂಡರೆ ಕೆರೆಯ ತಳದ ಅರ್ಧ ನಕ್ಷೆ ಬ್ಯಾಟರಿಯಿಲ್ಲದೆ ಸಿಕ್ಕಂತಾಯಿತು.

ಉಳಿದರ್ಧಕ್ಕೆ ಯಂತ್ರ. ಅದು ಇಂಥ ಕೆರೆಗೆ ಹೊಂದುವಂತಿರಬೇಕು. ಟ್ರಾನ್ಸ್‌ಡ್ಯೂಸರಿನ ಸದ್ದು ಬ್ಯಾಟರಿ ದೀಪದ ಬೆಳಕಿನಂತೆ ಕೆಳಗಿಳಿದಂತೆ ಅಗಲವಾಗುತ್ತದೆ. 20 ಡಿಗ್ರಿ ಕೋನದ ಸದ್ದು ಮೂರು ಮೀಟರು ಆಳದಲ್ಲಿ ಆವರಿಸುವುದು ಒಂದು ಮೀಟರು ಅಗಲದ ಜಾಗ. 60 ಡಿಗ್ರಿಯದಾದರೆ ಸುಮಾರು ಮೂರೂವರೆ ಮೀಟರು. ಆಳವಿಲ್ಲದ ಕೆರೆಯಲ್ಲಿ ಅಗಲ ಕೋನ ಹೆಚ್ಚು ಜಾಗ ತೋರಿಸುತ್ತದೆ, ಕಿರಿದು ಕೋನ ಗುಂಡಿಯ ಅಂಚನ್ನು ಕರಾರುವಾಕ್ಕಾಗಿ ಹೇಳುತ್ತದೆ. ಎರಡೂ ಇರುವ ಯಂತ್ರ ಸಿಕ್ಕರೆ ಅನುಕೂಲ. ಒಂದನ್ನೇ ಆರಿಸಬೇಕಾದರೆ 200 ಕಿಲೋಹರ್ಟ್ಜ್‌ನದನ್ನು ಆರಿಸಬೇಕು. ಅದರ ಅಲೆಯ ಉದ್ದ ಏಳೂವರೆ ಮಿಲಿಮೀಟರು ಮಾತ್ರ, ಹಾಗಾಗಿ ಸಣ್ಣದನ್ನೂ ಬಿಡಿಸಿ ತೋರಿಸುತ್ತದೆ. 50 ಕಿಲೋಹರ್ಟ್ಜ್‌ನ ಅಲೆ ಮೂರು ಸೆಂಟಿಮೀಟರು. ಅದು ಕಡಲಿನ ಆಳಕ್ಕೆ. ತಳವನ್ನು ಫೋಟೊದಂತೆ ತೋರಿಸುವ, ಪಕ್ಕಕ್ಕೂ ನೋಡುವ ದುಬಾರಿ ಯಂತ್ರಗಳು ಮೊದಲ ಸಲಕ್ಕೆ ಬೇಡ. ಜೊತೆಗೆ ಕೊಡುತ್ತೇವೆನ್ನುವ ನಕ್ಷೆಗಳಲ್ಲಿ ನಮ್ಮ ಹಳ್ಳಿ ಕೆರೆಗಳ ಆಳವನ್ನು ಹುಡುಕುವುದೂ ವ್ಯರ್ಥ. ಜಾಗ ಗುರುತಿಟ್ಟುಕೊಳ್ಳುವ ಜಿಪಿಎಸ್ ಇದ್ದರೆ ಮಾತ್ರ ಅದಕ್ಕೆ ಒಂದಿಷ್ಟು ಹೆಚ್ಚು ಕೊಡಬಹುದು.

ಇನ್ನೊಂದು ಮೋಸದ ಬಗ್ಗೆ ಎಚ್ಚರ ಬೇಕು. ಪರದೆಯ ಮೇಲೆ ಮುದ್ದಾದ ಮೀನಿನ ಚಿತ್ರ ಬಿಡಿಸುವ ಗುಂಡಿಯೊಂದು ಹಲವು ಯಂತ್ರಗಳಲ್ಲಿರುತ್ತದೆ. ಹೂಳು ತುಂಬಿದ ಕೆರೆಯ ತಳದಿಂದ ಕೊಳೆತ ಎಲೆಯ ಗಾಳಿ ಗುಳ್ಳೆಗುಳ್ಳೆಯಾಗಿ ಏಳುತ್ತಲೇ ಇರುತ್ತದೆ, ಜೊಂಡು ಅಲ್ಲಾಡುತ್ತಿರುತ್ತದೆ. ಯಂತ್ರ ಅವೆಲ್ಲಕ್ಕೂ ಮೀನಿನ ಚಿತ್ರ ಅಂಟಿಸಿಬಿಡುತ್ತದೆ. ಅದನ್ನು ನಂಬಿ ಬಲೆ ಬೀಸಿದವನಿಗೆ ಸಿಗುವುದು ಜೊಂಡೇ. ಆ ಗುಂಡಿಯನ್ನು ಆರಿಸಿಟ್ಟು ಬರಿಯ ಗೆರೆಗಳನ್ನು ಓದಲು ಕಲಿಯಬೇಕು. ತಳದ ಗೆರೆ ದಪ್ಪವಾಗಿ ಗಾಢವಾಗಿದ್ದು, ಅದರ ಎರಡರಷ್ಟು ಆಳದಲ್ಲಿ ಇನ್ನೊಂದು ಮಸುಕು ಗೆರೆ ಕಂಡರೆ ಕೆಳಗೆ ಕಲ್ಲು, ಗಟ್ಟಿ ನೆಲ. ಗೆರೆ ತೆಳುವಾಗಿ ಮಂಕಾಗಿದ್ದರೆ ಹೂಳು. ದೋಣಿ ಸಾಗುವಾಗ ಮೀನು ಸದ್ದಿನ ಕೋನದೊಳಗೆ ಬಂದು ನಡುವೆ ಹಾದು ಹೊರಹೋದರೆ ಕಮಾನು ಮೂಡುತ್ತದೆ. ನಿಂತ ದೋಣಿಯ ಕೆಳಗೆ ನಿಂತ ಮೀನು ಉದ್ದ ಗೆರೆಯಾಗುತ್ತದೆ. ಗೆರೆ ಉದ್ದವಾಯಿತೆಂದು ಮೀನು ಉದ್ದವಾಗುವುದಿಲ್ಲ!

ಹರಿಗೋಲಿಗೆ ಹಿಂದು ಮುಂದಿಲ್ಲ

ಯಂತ್ರದ ಪುಸ್ತಿಕೆಯಲ್ಲಿ ಟ್ರಾನ್ಸ್‌ಡ್ಯೂಸರನ್ನು ದೋಣಿಯ ಹಿಂಬದಿಯ ಹಲಗೆಗೆ ಸ್ಕ್ರೂ ಹಾಕಿ ಕೂರಿಸಿ ಎಂದು ಬರೆದಿರುತ್ತದೆ. ಹರಿಗೋಲಿಗೆ ಹಿಂಬದಿ ಯಾವುದು? ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಮೇಲೊಂದು ಡಾಂಬರಿನ ಲೇಪ. ಕೆಲವು ದೋಣಿಗಳಲ್ಲಿ ಒಳಗಿನಿಂದಲೇ ತಳಕ್ಕೆ ಅಂಟಿಸಿದರೂ ನಡೆಯುತ್ತದೆ, ಇದರಲ್ಲಿ ಆಗದು. ಹಾಳೆಗೂ ಹೆಣಿಗೆಗೂ ನಡುವೆ ಗಾಳಿ ಇರುತ್ತದೆ, ಸದ್ದು ಅಲ್ಲೇ ಬಡಿದು ನಿಂತುಬಿಡುತ್ತದೆ. ಸ್ಕ್ರೂ ಹಾಕಿದರಂತೂ ಹರಿಗೋಲು ಜರಡಿಯಾದೀತು. ಇರುವ ಉಪಾಯ ಎರಡು. ಒಂದು, ಬಿದಿರ ಗಳದ ತುದಿಗೆ ಟ್ರಾನ್ಸ್‌ಡ್ಯೂಸರನ್ನು ಕಟ್ಟಿ ಅಂಚಿನಿಂದ ನೆಟ್ಟಗೆ ನೀರಿಗಿಳಿಸುವುದು. ಮುಖ ನೇರ ಕೆಳಗಿರಬೇಕು. ಗಳ ಓರೆಯಾದರೆ ಆಳ ಹೆಚ್ಚಾಗಿ ತೋರುತ್ತದೆ. ಎರಡನೆಯದು, ದಾರಕ್ಕೆ ಕಟ್ಟಿ ಎಸೆಯುವ ಚೆಂಡಿನಂಥ ಯಂತ್ರ. ಅದು ತೇಲುತ್ತ ಸದ್ದನ್ನು ಕೆಳಕ್ಕೆ ಕಳಿಸಿ, ಉತ್ತರವನ್ನು ತನ್ನದೇ ವೈಫೈ ಮೂಲಕ ಫೋನಿಗೆ ಕೊಡುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ನಡೆಯುತ್ತದೆ, ದಡದಿಂದಲೇ ಎಸೆಯಬಹುದು. ಮಕ್ಕಳ ಕೈಗೆ ಕೊಡುವ ಮೊದಲ ಯಂತ್ರ ಇದೇ ಆಗಿರಲಿ ಎನ್ನಲು ಈ ಕೊನೆಯ ಕಾರಣ ಒಂದೇ ಸಾಕು. ಕೊರತೆಯೆಂದರೆ ಬಿಸಿಲಿನಲ್ಲಿ ಫೋನಿನ ಪರದೆ ಸರಿಯಾಗಿ ಕಾಣದು. ಒದ್ದೆ ಕೈಗೆ ಜಾರಿ ನೀರು ಸೇರುವ ಭಯ ಬೇರೆ.

ಬೇರೆ ಪರದೆಯ ಯಂತ್ರವಾದರೆ 12 ವೋಲ್ಟ್ ಬ್ಯಾಟರಿ ಬೇಕು. ಅದಕ್ಕೆ ಪೇಟೆ ಅಲೆಯಬೇಕಿಲ್ಲ. ಬೆನ್ನಿಗೆ ಹಾಕಿಕೊಂಡು ಗದ್ದೆಗೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನೊಳಗಿರುವುದು ಹೆಚ್ಚಾಗಿ ಅಂಥದೇ. ಏಳು ಆಂಪಿಯರ್-ಅವರ್ ಬ್ಯಾಟರಿಯಿಂದ ಅರ್ಧ ಆಂಪಿಯರ್ ಎಳೆಯುವ ಪುಟ್ಟ ಯಂತ್ರ ಲೆಕ್ಕಕ್ಕೆ 14 ಗಂಟೆ ನಡೆಯಬೇಕು. ಹಳೆಯ ಬ್ಯಾಟರಿಯಾದರೆ ಅರ್ಧಕ್ಕೇ ಕೈಕೊಟ್ಟೀತು. ಭಾರ ಎರಡು ಕಿಲೋ ಮೇಲೆಯೇ. ಹರಿಗೋಲಿನ ಒಂದು ಪಕ್ಕದಲ್ಲಿಟ್ಟರೆ ಆ ಕಡೆ ವಾಲುತ್ತದೆ, ನಡುವೆ ಇಡಬೇಕು.

ಮಳವಳ್ಳಿಯ ದಾರಿಯಲ್ಲಿ

ಮದ್ದೂರಿನಿಂದ ತೆಂಕಣಕ್ಕೆ ಕಬ್ಬು, ಭತ್ತದ ಗದ್ದೆಗಳ ನಡುವೆ ಮಳವಳ್ಳಿಯ ರಸ್ತೆ. ದಾರಿಯಲ್ಲಿ ಭಾರತೀನಗರದ ಆಸುಪಾಸು ಸೂಳೆಕೆರೆಯ ಹರವು. ಬೇಸಿಗೆಯಲ್ಲಿ ಈ ಸೀಮೆಯ ಕೆರೆಗಳ ಅಂಗಳದಲ್ಲಿ ಟ್ರ್ಯಾಕ್ಟರಿನ ಜಾಡು ಕಾಣುತ್ತದೆ. ಗದ್ದೆಗೆ ಗೋಡು, ಇಟ್ಟಿಗೆ ಗೂಡಿಗೆ ಜೇಡಿಮಣ್ಣು. ಕೈಯಿಂದ ಅಗೆಯುತ್ತಿದ್ದ ಕಾಲದಲ್ಲಿ ಗುಂಡಿ ಸೊಂಟದುದ್ದ ಇರುತ್ತಿತ್ತು. ಜೆಸಿಬಿ ಬಂದ ಮೇಲೆ ಒಂದೇ ದಿನದಲ್ಲಿ ಎರಡಾಳು ಇಳಿಯುತ್ತದೆ. ಮಳೆ ಬಂದು ನೀರು ತುಂಬಿತೆಂದರೆ ಮೇಲೆ ಎಲ್ಲವೂ ಒಂದೇ ಸಮ. ಹೋದ ವರ್ಷ ಎದೆಮಟ್ಟ ನೀರಿದ್ದ ಜಾಗದಲ್ಲೇ ಎಮ್ಮೆ ಮೈತೊಳೆಯಲು ಇಳಿದ ಹುಡುಗನ ಕಾಲ ಕೆಳಗೆ ಈ ವರ್ಷ ನೆಲವಿರುವುದಿಲ್ಲ. ಬೇಸಿಗೆ ರಜೆಯಲ್ಲಿ ಪತ್ರಿಕೆಯ ಒಳಪುಟದಲ್ಲಿ ಬರುವ ನಾಲ್ಕು ಸಾಲಿನ ಸುದ್ದಿಗಳ ಹಿಂದೆ ಹಲವು ಸಲ ಇಂಥದೇ ಗುಂಡಿ ಇರುತ್ತದೆ. ಶಿಂಷಾದ ಮರಳು ತೋಡಿದ ಕಡೆಗಳಲ್ಲೂ ಇದೇ ಕಥೆ.

ಮೀನು ಹುಡುಕಲು ತಂದ ಯಂತ್ರಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿ. ಕೆರೆ ಮೀನಿಗೆ, ಗುತ್ತಿಗೆದಾರನಿಗೆ ಬಲೆಯೇ ಸಾಕು. ಆ ಅಪ್ಪ ಹೇಳಿದ್ದು ತಪ್ಪಲ್ಲ. ಗುಂಡಿಯನ್ನು ಬಲೆ ಹೇಳುವುದಿಲ್ಲ. ಒಂದು ಪ್ರೌಢಶಾಲೆ ಇಂಥದೊಂದು ಯಂತ್ರ ಕೊಂಡು, ದೊಡ್ಡವರನ್ನು ಜೊತೆಗಿಟ್ಟುಕೊಂಡು, ಸೋಪಾನದ ಕಟ್ಟೆಯಿಂದ ಆಚೆಗೆ ಹಗ್ಗ ಕಟ್ಟಿ ಎರಡೆರಡು ಮಾರಿಗೊಂದು ಕಡೆ ಆಳ ಗುರುತು ಹಾಕಿ ಗ್ರಾಫ್ ಹಾಳೆಯ ಮೇಲೆ ಇಳಿಸಿದರೆ, ಎರಡು ಭಾನುವಾರಗಳಲ್ಲಿ ಊರಿನ ಕೆರೆಯ ನಕ್ಷೆ ಸಿದ್ಧ. ಪಂಚಾಯಿತಿ ಕಟ್ಟೆಯ ಗೋಡೆಗೆ ಅಂಟಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ಯಾವುದಿದ್ದೀತು? ಮಣ್ಣು ತೆಗೆದ ಮೇಲೆ, ಕೆರೆ ತುಂಬಿದ ಮೇಲೆ, ವರ್ಷಕ್ಕೊಮ್ಮೆ ಅದನ್ನು ತಿದ್ದಬೇಕು. ಕೆರೆಯ ಮೀನಿನ ಹಕ್ಕು ಯಾರದು, ಇಲಾಖೆಯದೋ ಪಂಚಾಯಿತಿಯದೋ, ಗುತ್ತಿಗೆ ಯಾರಿಗಾಗಿದೆ ಎಂದು ವಿಚಾರಿಸಿ ಒಪ್ಪಿಗೆ ಪಡೆದೇ ನೀರಿಗಿಳಿಯಬೇಕು. ಲೈಫ್ ಜಾಕೆಟ್ ಕೊಳ್ಳದೆ ಯಂತ್ರ ಕೊಳ್ಳಲು ಹೊರಟ ಮಗನಿಗೆ ಅಪ್ಪ ಗದರಿದರೆ, ಆಗ ಅಪ್ಪನದೇ ಸರಿ.

ಯಂತ್ರ ಸುಳ್ಳು ಹೇಳುವುದೂ ಉಂಟು. ತೀರ ಆಳವಿಲ್ಲದ, ಎರಡು ಅಡಿಗಿಂತ ಕಡಿಮೆ ನೀರಿನಲ್ಲಿ ಹಲವು ಯಂತ್ರಗಳು ತಡವರಿಸುತ್ತವೆ. ದಟ್ಟ ಜೊಂಡಿನ ತಲೆಯನ್ನೇ ತಳವೆಂದು ಹೇಳಿಬಿಡುತ್ತವೆ. ಆದ್ದರಿಂದ ಮೊದಲ ದಿನ ಪಕ್ಕದಲ್ಲಿ ಇನ್ನೊಂದು ಸಾಧನವೂ ಇರಲಿ: ಮೊಳಕ್ಕೊಂದು ಗಂಟು ಹಾಕಿದ ಹಗ್ಗ, ತುದಿಗೆ ಒಂದು ಕಲ್ಲು. ಹತ್ತು ಕಡೆ ಎರಡನ್ನೂ ಇಳಿಸಿ ನೋಡಬೇಕು. ಹಗ್ಗ ಹೇಳಿದ್ದೇ ಲೆಕ್ಕ.

ಮಳವಳ್ಳಿಯಿಂದ ಮುಂದೆ ಕಾವೇರಿ. ಶಿವನಸಮುದ್ರದಲ್ಲಿ ಗಗನಚುಕ್ಕಿಯಾಗಿ ಧುಮುಕುವ ಈ ನೀರಿನಿಂದ 1902ರಲ್ಲೇ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು ಪಠ್ಯಪುಸ್ತಕದ ಮಾತು. ನೊರೆಯೆದ್ದ ನೀರಿನಲ್ಲಿ ಫಿಶ್ ಫೈಂಡರ್ ಕುರುಡು ಎಂಬುದು ಅಲ್ಲಿಲ್ಲ. ನೊರೆಯೆಂದರೆ ಗಾಳಿ, ಸದ್ದು ಅದನ್ನು ದಾಟಿ ಕೆಳಗಿಳಿಯದು. ಹಾಗಾಗಿ ನೀರು ಅತ್ಯಂತ ಅಪಾಯದ್ದಾಗಿರುವ ಜಾಗದಲ್ಲೇ ಯಂತ್ರ ಕೈಬಿಡುತ್ತದೆ. ಕೆಳಗೆ ಹಲಗೂರು ದಾಟಿ ಕಾಡಿಳಿದರೆ ಸಿಗುವ ಮುತ್ತತ್ತಿ, ಭೀಮೇಶ್ವರಿಗಳು ಕಾವೇರಿ ವನ್ಯಜೀವಿಧಾಮದ ಸೀಮೆ. ಗಾಳ ಹಾಕಿ ಬಿಳಿಮೀನು, ಎಂದರೆ ಮಹಸೀರ್, ಹಿಡಿಯಲು ಒಂದು ಕಾಲದಲ್ಲಿ ದೇಶವಿದೇಶದವರು ಬರುತ್ತಿದ್ದ ತಾಣ. ಕಾವೇರಿಯ ಗೂನುಬೆನ್ನಿನ ಮಹಸೀರ್‌ನ ವೈಜ್ಞಾನಿಕ ಹೆಸರು ಯಾವುದೆಂದು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿಗೆ ತೀರ ಹತ್ತಿರವಿರುವ ಜೀವಿಗಳ ಪಟ್ಟಿಗೂ ಸೇರಿತು. ಅಲ್ಲಿ ಈಗ ಗಾಳಕ್ಕೂ ಅವಕಾಶವಿಲ್ಲ. ಯಂತ್ರವನ್ನು ಮನೆಯಲ್ಲೇ ಬಿಟ್ಟು ಹೋಗುವುದು ಲೇಸು.

ಮುತ್ತತ್ತಿಯ ಹೆಸರಿಗೊಂದು ಕಥೆಯಿದೆ. ವನವಾಸದ ಕಾಲದಲ್ಲಿ ಇಲ್ಲಿ ಮೀಯುತ್ತಿದ್ದ ಸೀತೆಯ ಮೂಗುತಿಯ ಮುತ್ತು ಹೊಳೆಗೆ ಬಿತ್ತಂತೆ. ಆಂಜನೇಯ ಬಾಲವನ್ನು ಮಡುವಿಗಿಳಿಬಿಟ್ಟು ತಡಕಿ ಮುತ್ತೆತ್ತಿ ಕೊಟ್ಟನಂತೆ, ಮುತ್ತೆತ್ತಿ ಮುತ್ತತ್ತಿಯಾಯಿತು. ಮುತ್ತೆತ್ತರಾಯನ ಗುಡಿಯ ಮುಂದೆ ಹೊಳೆ ಸದ್ದಿಲ್ಲದೆ, ಕನ್ನಡಿಯಂತೆ ಹರಿಯುತ್ತದೆ. ಈಜಲು ಇಳಿದ ಎಷ್ಟೋ ಕಾಲೇಜು ಹುಡುಗರು ಮೇಲೆ ಬಾರದಿರುವುದೂ ಇಲ್ಲಿಯೇ. ದಡದಲ್ಲಿ ಎಚ್ಚರಿಕೆಯ ಫಲಕಗಳಿವೆ, ಆಳದ ಅಂಕಿ ಅವುಗಳ ಮೇಲಿಲ್ಲ. ಪ್ಯಾಂಟು ಮಡಚುತ್ತ 'ಎಷ್ಟಾಳು ನೀರಿದೆಯಣ್ಣ?' ಎಂದು ಕೇಳಿದವರಿಗೆ ಊರವರು ಆಳು, ಅಡಿ ಯಾವುದನ್ನೂ ಹೇಳುವುದಿಲ್ಲ.

'ಅದು ಮಡು ಕಣಪ್ಪ, ಇಳೀಬ್ಯಾಡ.'